ಪತ್ರಿಕೆಯವರು ನಮ್ಮ ತಂಡ ಕೇಳಲು ಬಂದದ್ದು

ಕೊಪ್ಪಳದ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಕಾರಖಾನೆ, ಒಂದು ಜೀನು ಇತ್ತು. ಅದರ ಹಿಂದಿನ ಬಯಲಿನಲ್ಲಿ ನಾನು ಹುತುತು ಆಡಿ ಹೊಟ್ಟೆ ಹೊರೆದೆ. ಈಗಿನ ಹುಡುಗರು ಅದನ್ನು ಕಬಡ್ಡಿ ಅನ್ನುತ್ತಾರೆ. ಜೀನಿನ ಸಾಹುಕಾರರಿಗೆ ಆ ಆಟದ ಹುಚ್ಚು. ಮೈ ಭಾರವೆಂದು ತಾವು ಯಾವತ್ತೂ ಕಣಕ್ಕೆ ಇಳಿದವರಲ್ಲ. ಆದರೆ ಯಲಬುರ್ಗಿ ಕಡೆ ಒಬ್ಬ ಒಳ್ಳೆಯ ಆಟಗಾರ ಇದ್ದಾನೆಂದು ಕಿವಿಗೆ ಬಿದ್ದರೆ ಸಾಕು, ಚಕ್ಕಡಿ ಕಟ್ಟಿಸಿಕೊಂಡು ಹೋಗಿ ಅವನನ್ನು ಕರೆದುಕೊಂಡೇ ಬರುತ್ತಿದ್ದರು. ಹತ್ತಿ ಬರುವ ಕಾಲಕ್ಕೆ ನಮಗೆಲ್ಲ ಜೀನಿನಲ್ಲಿ ಕೆಲಸ. ಹತ್ತಿ ಮುಗಿದ ಮೇಲೆ ಆಟವೇ ಕೆಲಸ. ಪಗಾರ ಮಾತ್ರ ವರ್ಷವಿಡೀ.

ಇರಕಲ್ಲಗಡದ ದಾರಿಯ ಒಂದು ಸಣ್ಣ ಹಳ್ಳಿ ನನ್ನದು. ಆಟಕ್ಕೆ ಪಗಾರ ಕೊಡುತ್ತಾರೆಂದು ಹೇಳಿದಾಗ ಅಪ್ಪ ಎತ್ತಿಗೆ ಹಾಕುತ್ತಿದ್ದ ಮೇವನ್ನು ಕೈಯಲ್ಲೇ ಹಿಡಿದು ನನ್ನ ಮುಖ ನೋಡಿದ.

"ಜಿಗದಾಡೂದಕ್ಕ ಪಗಾರ? ಹಂಗಾರ ನಮ್ಮ ಕರಾನೂ ಕರ್ಕೊಂಡು ಹೋಗು. ಅದೂ ಮುಂಜಾನಿಂದ ಜಿಗದಾಡ್ತೈತಿ."

ಮೊದಲ ಪಗಾರದಲ್ಲಿ ಅವ್ವನಿಗೆ ಇಳಕಲ್ ಸೀರೆ ತಂದ ಮೇಲೆ ಅಪ್ಪ ಕರುವಿನ ಮಾತು ಎತ್ತಲಿಲ್ಲ.

ದಮ್ಮು ಹಿಡಿದು ಎದುರಿನವರೊಳಗೆ ನುಗ್ಗುವುದು ನನ್ನ ಪಾಲಿನ ಕೆಲಸ. ಬಂದವನ ಕಾಲು ಹಿಡಿದು ಕೆಡವುವುದು ನನ್ನ ಗೆಳೆಯನದು. ಅವನು ಕೊಪ್ಪಳದ ನೇಕಾರ ಓಣಿಯವನು. ಚಿಕ್ಕಂದಿನಿಂದ ಮಗ್ಗ ತುಳಿದು ತೊಡೆಗಳು ಕಬ್ಬಿಣದಂತಾಗಿದ್ದವು. ಅವನ ಕೈಗೆ ಒಂದು ಪಾದ ಸಿಕ್ಕರೆ ಆ ಮನುಷ್ಯ ತನ್ನ ಗೆರೆಯನ್ನು ಮರೆತುಬಿಡುವುದೇ ಒಳ್ಳೆಯದು. ನಮಗೆಲ್ಲ ಹಿರಿಯನೆಂದರೆ ಮೊದಲು ಕುರಿ ಕಾಯುತ್ತಿದ್ದ ಒಬ್ಬ ಎತ್ತರದ ಆಳು. ನಾವು ಅವನನ್ನು ಕಾಕಾ ಅನ್ನುತ್ತಿದ್ದೆವು. ಆಟದಲ್ಲಿ ಎಲ್ಲಿ ನಿಲ್ಲಬೇಕು, ಊಟದಲ್ಲಿ ಎಲ್ಲಿ ನಿಲ್ಲಿಸಬೇಕು, ಎರಡನ್ನೂ ಅವನೇ ಹೇಳುತ್ತಿದ್ದ.

ಆಗ ಊರಿನಲ್ಲಿ ಎಲ್ಲರೂ ಹೆದರುತ್ತಿದ್ದ ಒಬ್ಬರಿದ್ದರು. ಪೊಲೀಸ್ ಅಮೀನರೂ ಅಲ್ಲ, ತಹಶೀಲದಾರರೂ ಅಲ್ಲ, ವಾರಕ್ಕೊಂದು ಪತ್ರಿಕೆ ತೆಗೆಯುತ್ತಿದ್ದವರು. ನಮ್ಮದು ನಿಜಾಮರ ಸೀಮೆ. ಇಲ್ಲಿ ಕನ್ನಡದಲ್ಲಿ ಪತ್ರಿಕೆ ತೆಗೆಯಲು ಪರವಾನಗಿ ಸಿಗುವುದು ಸುಲಭವಿರಲಿಲ್ಲ. ಅವರು ಗಡಿಯಾಚೆ ಬ್ರಿಟಿಷರ ಸೀಮೆಯ ಗದಗಿನಲ್ಲಿ ಅಚ್ಚು ಹಾಕಿಸಿ, ರೈಲಿನಲ್ಲಿ ಕಟ್ಟು ತಂದು, ಸ್ಟೇಷನ್ನಿನಿಂದ ಊರಿಗೆ ನಡೆದುಕೊಂಡೇ ಹೋಗುತ್ತಿದ್ದರು. ಉದ್ದನೆಯ ಕರಿ ಕೋಟು, ಕಂಕುಳಲ್ಲಿ ಕಟ್ಟು. ಬೇಳೆಯಲ್ಲಿ ಹರಳು ಬೆರೆಸುವ ಅಂಗಡಿಯವನು, ಎರಡನೆಯ ಮನೆ ಮಾಡಿದ ವಕೀಲ, ಲಂಚ ತಿಂದ ಅಬಕಾರಿ ಸಾಹೇಬ, ಯಾರನ್ನೂ ಬಿಡುತ್ತಿರಲಿಲ್ಲ. ಹೆಸರು ಬರೆಯುತ್ತಿರಲಿಲ್ಲ, ಗುರುತು ಬರೆಯುತ್ತಿದ್ದರು. ಊರಿಗೆ ಅಷ್ಟು ಸಾಕಾಗುತ್ತಿತ್ತು. ಅವರ ಬರಹದಿಂದ ಒಳ್ಳೆಯದೂ ಆಗಿತ್ತು. ಕೂಲಿಯವನೊಬ್ಬನನ್ನು ಹೊಡೆದ ಅಮೀನನಿಗೆ ವರ್ಗವಾದದ್ದು ಅವರು ಬರೆದ ಮೇಲೆಯೇ. ಆದರೆ ಚಹದಂಗಡಿಯಲ್ಲಿ ಯಾರೋ ಹೇಳಿದ್ದನ್ನು ಕಣ್ಣಾರೆ ಕಂಡಂತೆ ಬರೆದುಬಿಡುವ ಚಟವೂ ಅವರಿಗಿತ್ತು. ಮಂದಿ ಮರೆಯಲ್ಲಿ ಓದುತ್ತಿದ್ದರು, ಬಯಲಲ್ಲಿ ಬೈಯುತ್ತಿದ್ದರು.

ಒಂದು ವರ್ಷ ಸಾಹುಕಾರರಿಗೆ ಎದೆಯ ಬೇನೆ ಶುರುವಾಯಿತು. ಹೈದರಾಬಾದಿನಲ್ಲಿ ಓದಿದ ಮಗ ಬಂದು ಜೀನು ವಹಿಸಿಕೊಂಡ. ಒಳ್ಳೆಯ ಮನುಷ್ಯ, ಆದರೆ ಆಟದ ಗಂಧವಿರಲಿಲ್ಲ. ಸಾಹುಕಾರರು ನಮ್ಮನ್ನೆಲ್ಲ ಕರೆಸಿ, "ನಿಮ್ಮನ್ನ ಛಲೋತ್ನ್ಯಾಗ ನೋಡ್ಕೊಳ್ಳೋರು ಯಾರರ ಸಿಗ್ತಾರೇನು ನೋಡ್ತೀನಿ" ಅಂದರು. ವಾರ ಕಳೆಯುವುದರೊಳಗೆ ಕರಿ ಕೋಟು ಜೀನಿನ ಬಾಗಿಲಲ್ಲಿ ನಿಂತಿತ್ತು.

"ಸಾಹುಕಾರ್ರ, ತಂಡ ನನಗ ಕೊಡ್ರಿ," ಅಂದರು ಪತ್ರಿಕೆಯವರು. "ಪಗಾರ ಹಂಗ ಇರ್ತೈತಿ. ದಿನಾ ಹಾಲು ಕೊಡಸ್ತೀನಿ. ಊರೂರಿಗೆ ಮೋಟಾರಿನ್ಯಾಗ ಕಳಸ್ತೀನಿ. ಬನಿಯನ್ನಿನ ಮ್ಯಾಲೆ ನನ್ನ ಪೇಪರಿನ ಹೆಸರು ಇರಬೇಕು, ಅಷ್ಟ."

ಸಾಹುಕಾರರು ಲೋಡಿಗೆ ಒರಗಿ ಕೂತಿದ್ದರು. "ಇವರೇನು ನನ್ನ ಕೊಟ್ಟಿಗ್ಯಾಗಿನ ಎತ್ತಲ್ರಿ, ಹಗ್ಗ ನಿಮ್ಮ ಕೈಯಾಗ ಕೊಡಾಕ. ಇವರನ್ನ ಕೇಳ್ರಿ. ಎಲ್ಲಾರೂ ಹೂಂ ಅಂದ್ರ ನಂದೂ ಹೂಂ. ಒಬ್ಬಾವ ಒಲ್ಲೆ ಅಂದ್ರೂ ಮಾತು ಅಲ್ಲಿಗೇ ಮುಗೀತು."

ಪತ್ರಿಕೆಯವರು ಬಯಲಿಗೆ ಬಂದು ನಮ್ಮ ನಡುವೆ ಮಣ್ಣಿನಲ್ಲೇ ಕೂತರು. ಕಾಕಾ ಸುತ್ತು ಬಳಸದೆ ಕೇಳಿದ: "ನಿಮಗ್ಯಾಕ್ರಿ ಹುತುತು? ನೀವು ಬರಿಯೋ ಮಂದಿ."

ಅವರು ಮಣ್ಣು ಕೆದರುತ್ತ ಹೇಳಿದರು: "ನನ್ನ ಕಂಡ್ರ ಮಂದಿ ದಾರಿ ಬಿಟ್ಟು ಸರೀತಾರ. ನಿಮ್ಮನ್ನ ಕಂಡ್ರ ದಾರಿಗೆ ಅಡ್ಡ ಬಂದು ಮಾತಾಡಸ್ತಾರ. ಅದೇನಂತ ಒಂದ್ಸಲ ನೋಡಬೇಕಾಗೇತಿ."

ನನಗೆ ಆ ಮಾತು ಹಿಡಿಸಿತು. ಮುಂದಿನ ಆಟ ಕುಷ್ಟಗಿಯಲ್ಲಿತ್ತು; ಅವರೂ ನಮ್ಮೊಡನೆ ಬಂದರು. ನಾಕು ದಾರಿ ಕೂಡುವ ಊರು, ಜನ ನೆರೆದಿದ್ದರು. ಅವರನ್ನು ಕಂಡ ಕೂಡಲೆ "ಪೇಪರಿನಾವ ಬಂದಾನ" ಎಂದು ಗುಸುಗುಸು ಹರಡಿತು. ಒಬ್ಬ ವ್ಯಾಪಾರಿ ಎದ್ದು ಬೇರೆ ಕಡೆ ಹೋಗಿ ಕೂತ. ಅವರು ಅದನ್ನು ನೋಡಿಯೂ ನೋಡದಂತೆ ಇದ್ದರು. ಆಟ ಶುರುವಾದ ಮೇಲೆ ಅವರಿಗೆ ಯಾರ ಪರಿವೆಯೂ ಉಳಿಯಲಿಲ್ಲ. ನಾನು ಇಬ್ಬರನ್ನು ಮುಟ್ಟಿ, ಮೂರನೆಯವನ ಕೈ ಜಾರಿಸಿ, ಉಸಿರು ಕಟ್ಟಿಕೊಂಡು ಗೆರೆಗೆ ಬಿದ್ದಾಗ ಅವರು ಕೋಟು ಬಿಚ್ಚಿ ಗಾಳಿಗೆ ಬೀಸಿದರು. ಗೆದ್ದು ವಾಪಸು ಬರುವಾಗ, ಕೂಗಿ ಕೂಗಿ ಅವರ ಗಂಟಲಲ್ಲಿ ಧ್ವನಿಯೇ ಇರಲಿಲ್ಲ. ಆದರೂ ಕೊಪ್ಪಳ ಮುಟ್ಟುವ ತನಕ ಒಂದೊಂದು ಹಿಡಿತದ ಬಗ್ಗೆಯೂ ಪಿಸುಗುಟ್ಟುತ್ತಲೇ ಇದ್ದರು. ಆ ಸಂಜೆ ನಮ್ಮಲ್ಲಿ ಬಹುತೇಕ ಮಂದಿ ಮನಸ್ಸಿನಲ್ಲೇ ಹೂಂ ಅಂದಿದ್ದೆವು.

ಕುಷ್ಟಗಿಗೆ ಬಾರದವನು ನೇಕಾರ ಗೆಳೆಯ ಒಬ್ಬನೇ. ಮಗ್ಗದ ಮೇಲೆ ಸೀರೆ ಅರ್ಧಕ್ಕೆ ನಿಂತಿದೆ ಎಂದು ಹೇಳಿ ಕಳಿಸಿದ್ದ. ಅದು ನೆಪವೆಂದು ಕಾಕಾನಿಗೆ ಗೊತ್ತಿತ್ತು. ಮರುದಿನ ಕಾಕಾನೇ ಪತ್ರಿಕೆಯವರಿಗೆ ನೇರವಾಗಿ ಹೇಳಿದ.

"ಎಲ್ಡು ವರ್ಷದ ಹಿಂದ ಬೇವಿನ ಗಿಡದ ಮನಿ ಅಂತ ಬರದಿದ್ರಿ, ನೆನಪೈತೇನ್ರಿ? ಅದು ಅವನ ಮನಿ. ಅವನ ತಂಗಿ ಮದಿವಿ ಅದರಿಂದ ಮುರೀತು."

ಪತ್ರಿಕೆಯವರಿಗೆ ತಟ್ಟನೆ ನೆನಪಾಗಲಿಲ್ಲ. ಅದೇ ಹೆಚ್ಚು ಕೆಟ್ಟದೆನಿಸಿತು ನನಗೆ. ಆಮೇಲೆ ಅವರ ಮುಖ ಬದಲಾಯಿತು. "ಆ ಮನಿಗೆ ಕರ್ಕೊಂಡು ನಡೀರಿ," ಅಂದರು.

ಕಾಕಾ, ನಾನು, ಅವರು, ಮೂವರೂ ಮಧ್ಯಾಹ್ನ ಹೋದೆವು. ಮನೆಯ ಮುಂದೆ ಬೇವಿನ ಗಿಡ, ಒಳಗೆ ಮಗ್ಗದ ಸದ್ದು. ನಮ್ಮನ್ನು ಕಂಡು ಗೆಳೆಯ ಮಗ್ಗ ನಿಲ್ಲಿಸಿದ, ಎದ್ದು ಬರಲಿಲ್ಲ. ಅವನ ತಾಯಿ ಚಾಪೆ ಹಾಸಿ, ನೀರು ಬೆಲ್ಲ ತಂದಿಟ್ಟಳು. ಮನೆಗೆ ಬಂದವರು ಯಾರೇ ಇರಲಿ, ನೀರು ಕೊಡದೆ ಮಾತಾಡುವ ಪದ್ಧತಿ ನಮ್ಮಲ್ಲಿಲ್ಲ. ಪತ್ರಿಕೆಯವರು ಬೆಲ್ಲ ಮುಟ್ಟಲಿಲ್ಲ.

"ತಪ್ಪಾತಬೇ ಯವ್ವಾ," ಅಂದರು.

ಒಳಬಾಗಿಲ ಹಿಂದಿನಿಂದ ಒಂದು ಹೆಣ್ಣು ಧ್ವನಿ ಬಂತು. "ಏನು ಬರದಿದ್ರಿ?"

ಗೆಳೆಯನ ತಂಗಿಯದು. ಅವಳು ಹೊಸಿಲ ತನಕ ಬಂದಳು. ಕೈಯಲ್ಲಿ ನೂಲು ಸುತ್ತುವ ಕಂಡಿಕೆ ಹಾಗೇ ಇತ್ತು.

"ನನಗ ಓದಾಕ ಬರಂಗಿಲ್ರಿ. ನಮ್ಮವ್ವಗೂ ಬರಂಗಿಲ್ಲ. ಅಣ್ಣ ಓದ್ಯಾನ, ಹೇಳಂಗಿಲ್ಲ ಅಂತಾನ. ಓಣ್ಯಾಗಿನ ಮಂದಿ ಎಲ್ಲಾ ಓದ್ಯಾರ. ನನ್ನ ಬಗ್ಗೆ ಬರದದ್ದು ನನಗೊಬ್ಬಾಕಿಗೇ ಗೊತ್ತಿಲ್ಲ. ನೀವ ಓದಿ ಹೇಳ್ರಿ."

"ಬ್ಯಾಡ ತಂಗಿ," ಅಂದ ಗೆಳೆಯ ಮಗ್ಗದಿಂದ.

"ಬೇಕು," ಅಂದಳು ಅವಳು.

ಗೆಳೆಯ ಎದ್ದು, ಗೋಡೆಯ ಗೂಡಿನಲ್ಲಿ ಮಡಿಸಿಟ್ಟಿದ್ದ ಹಳೆಯ ಪತ್ರಿಕೆ ತಂದು ಪತ್ರಿಕೆಯವರ ಮುಂದೆ ಇಟ್ಟ. ಅವರು ಕನ್ನಡಕ ಹಾಕಿಕೊಂಡು ಓದತೊಡಗಿದರು. ಬೇವಿನ ಗಿಡದ ಮನೆಯಲ್ಲಿ ಮಗ್ಗದ ಸದ್ದಿಗಿಂತ ಬಳೆಗಳ ಸದ್ದು ಹೆಚ್ಚಂತೆ. ಬಳೆಗಾರನೊಬ್ಬ ಮಟಮಟ ಮಧ್ಯಾಹ್ನ ಒಳಗೆ ಹೋದರೆ ಹೊತ್ತಿಳಿಯುವ ತನಕ ಹೊರಗೆ ಬರುವುದಿಲ್ಲವಂತೆ. ಒಂದು ಜೊತೆ ಕೈಗೆ ಬಳೆ ಇಡಲು ಇಷ್ಟು ಹೊತ್ತು ಬೇಕೇ ಎಂದು ನೆರೆಯವರು ಕೇಳುತ್ತಿದ್ದಾರಂತೆ. ಕಟ್ಟೆಯಲ್ಲಿ ಓದಿದಾಗ ಮಂದಿ ನಕ್ಕಿದ್ದ ಸಾಲುಗಳು ಅವು. ಆ ಪಡಸಾಲೆಯಲ್ಲಿ, ಅವಳ ಎದುರಿನಲ್ಲಿ, ಅವನ್ನು ಬರೆದವರ ಬಾಯಿಂದಲೇ ಅವು ಸಲೀಸಾಗಿ ಹೊರಡಲಿಲ್ಲ. ಕೊನೆಯ ಸಾಲಿಗೆ ಬಂದು ಅವರು ನಿಂತರು.

"ಮುಂದ?" ಅಂದಳು.

ಓದಿ ಮುಗಿಸಿದರು. ಅವಳು ಅಳಬಹುದೆಂದು ನಾನು ತಲೆ ತಗ್ಗಿಸಿದ್ದೆ. ಅವಳು ಅಳಲಿಲ್ಲ.

"ಇಷ್ಟೇ ಏನು? ನಾ ಏನೇನೋ ತಿಳ್ಕೊಂಡು ಎಲ್ಡು ವರ್ಷ ನಿದ್ದಿಗೆಟ್ಟಿದ್ದೆ." ಕಂಡಿಕೆ ತಿರುಗಿಸುತ್ತ ಹೇಳಿದಳು: "ಆ ಬಳಿಗಾರ ಅಜ್ಜಗ ಕಣ್ಣಾಗ ಪೊರಿ ಬಂದಿತ್ರಿ. ಬಿಸಲಾಗ ದಾರಿ ಕಾಣ್ತಿದ್ದಿಲ್ಲ. ಹೊತ್ತು ಇಳಿಯೂ ಮಟಾ ಇಲ್ಲೇ ಪಡಸಾಲ್ಯಾಗ ಮಲಗತಿದ್ದ. ನಮ್ಮವ್ವ ಅಂಬಲಿ ಕೊಡ್ತಿದ್ಲು. ನೀವು ಒಂದ್ಸಲ ಬಂದು ನೋಡಿದ್ರ ನಿಮಗೂ ಕೊಡ್ತಿದ್ಲು."

ಪತ್ರಿಕೆಯವರು ಕನ್ನಡಕ ತೆಗೆದು ಕೋಟಿನ ಅಂಚಿನಿಂದ ಒರೆಸುತ್ತಲೇ ಇದ್ದರು. ಆಮೇಲೆ ಗೆಳೆಯನ ಕಡೆ ನೋಡಿದರು. ಗೆಳೆಯ ಹೇಳಿದ: "ಆಟಕ್ಕ ಬರ್ತೀನ್ರಿ, ಆಟ ಬಿಡಂಗಿಲ್ಲ. ನಿಮ್ಮ ಪೇಪರಿನ ಹೆಸರು ಎದಿ ಮ್ಯಾಲೆ ಹಾಕ್ಕೊಂಡು ಆಡಂಗಿಲ್ಲ."

"ಖರೇ ಐತಿ," ಅಂದು ಅವರು ಎದ್ದರು. ಎದ್ದವರು ಏನೋ ನೆನಪಾದಂತೆ ಮತ್ತೆ ಕೂತು, ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡು ನೀರು ಕುಡಿದು, ಹೊರಟರು.

ಅಲ್ಲಿಂದ ನೇರ ಸಾಹುಕಾರರ ಮನೆಗೆ ಹೋಗಿ, ತಂಡದ ಮಾತು ಮುಗಿಯಿತೆಂದು ತಾವೇ ಹೇಳಿದರು. ಮುಂದಿನ ವಾರದ ಪತ್ರಿಕೆಯ ಮೊದಲ ಪುಟದಲ್ಲಿ, ಬೇವಿನ ಗಿಡದ ಮನೆಯ ಬಗ್ಗೆ ಬರೆದದ್ದು ಸುಳ್ಳು, ಕೇಳಿದ್ದನ್ನು ಕಂಡಂತೆ ಬರೆದೆ ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಯಿತು. ಅದನ್ನೂ ಆ ಮನೆಗೆ ಹೋಗಿ ಓದಿ ಹೇಳಿದರಂತೆ. ಅವರು ಹಾಗೆ ತಪ್ಪೊಪ್ಪಿಕೊಂಡದ್ದು ಅದೇ ಮೊದಲು. ಅಧಿಕಾರಿಗಳನ್ನು ಕಾಡುವುದು ಬಿಡಲಿಲ್ಲ, ಆದರೆ ಮನೆಯ ಹೆಣ್ಣುಮಕ್ಕಳ ಸುದ್ದಿಗೆ ಮತ್ತೆ ಹೋಗಲಿಲ್ಲ. ಆ ಜಾಗದಲ್ಲಿ ಹುತುತು ಆಟದ ವರ್ಣನೆ ಬರತೊಡಗಿತು. ಪೇಪರು ಸಪ್ಪಗಾಯಿತೆಂದು ಕಟ್ಟೆಯ ಮಂದಿ ಗೊಣಗಿದರು. ನಾವು ಸೋತರೆ ಸೋತರೆಂದೇ ಬರೆಯುತ್ತಿದ್ದರು, ಯಾರಿಂದ ಸೋತೆವೆಂಬುದನ್ನೂ. ನನ್ನ ಎಡಗಾಲು ತಡವಾಗಿ ಏಳುತ್ತದೆಂದು ಒಮ್ಮೆ ಬರೆದರು. ನಿಜವಾಗಿತ್ತು, ತಿದ್ದಿಕೊಂಡೆ.

ತಂಡವನ್ನು ಕೊಳ್ಳಲು ಬೇರೆ ಯಾರೂ ಬರಲಿಲ್ಲ. ಕಡೆಗೆ ಸಾಹುಕಾರರ ಮಗನೇ ಒಂದು ದಾರಿ ತೋರಿಸಿದ. ಬಯಲು ನಮಗಿರಲಿ, ಹತ್ತಿಯ ಕಾಲಕ್ಕೆ ಕೆಲಸವೂ ಇರಲಿ, ಉಳಿದದ್ದು ನಮ್ಮ ನಮ್ಮದು. ಬೇಸಿಗೆಯಲ್ಲಿ ಒಬ್ಬ ಹೊಲಕ್ಕೆ ಹೋದ, ಒಬ್ಬ ಮಗ್ಗಕ್ಕೆ, ಕಾಕಾ ಮತ್ತೆ ಕುರಿಗೆ. ಆಟವಿದ್ದಾಗ ಎಲ್ಲರೂ ಕೂಡುತ್ತಿದ್ದೆವು. ಗೆದ್ದಾಗ ಕೊಟ್ಟ ಪಟಗಾ ಯಾರ ತಲೆಗೆ ಮೊದಲು ಸುತ್ತಬೇಕೆಂದು ನಾವೇ ಜಗಳಾಡುತ್ತಿದ್ದೆವು. ಒಡೆಯನಿಲ್ಲದ ತಂಡ ಎಂದು ಯಲಬುರ್ಗಿಯವರು ನಕ್ಕರು. ಆ ನಗು ನಮಗೆ ಹಿತವಾಗಿಯೇ ಇತ್ತು.

ಹೊಸಿಲ ಮೇಲೆ ಕಂಡಿಕೆ ಹಿಡಿದು ನಿಂತಿದ್ದವಳು ನನ್ನ ಮನಸ್ಸಿನಿಂದ ಹೋಗಲಿಲ್ಲ. ನಮ್ಮದೂ ಅವರದೂ ಒಂದೇ ಮಂದಿ; ನಮ್ಮಜ್ಜ ಮಗ್ಗ ಬಿಟ್ಟು ಹೊಲ ಹಿಡಿದವನು. ಕಾಕಾನ ಕಡೆಯಿಂದ ಹೆಣ್ಣು ಕೇಳಿಸಿದೆ. ಗೆಳೆಯ ಮರುದಿನ ಬಯಲಿನಲ್ಲಿ ನನ್ನನ್ನು ಅಡ್ಡಗಟ್ಟಿದ.

"ಮದಲ ನನ್ನ ಕೈಯಾಗಿಂದ ಬಿಡಿಸ್ಕೊಂಡು ಗೆರಿ ಮುಟ್ಟು. ಆಮ್ಯಾಲೆ ಮಾತು."

ದಮ್ಮು ಹಿಡಿದು ಹೋದೆ. ಅವನು ನನ್ನ ಪಾದ ಹಿಡಿದ. ನನ್ನ ಉಸಿರೆಲ್ಲ ಮುಗಿದು ಮಣ್ಣು ತಿಂದೆ. ಅವನು ನಗುತ್ತ ಮೇಲೆತ್ತಿದ. "ಹೋಗಲಿ ಬಿಡು. ಬಿಡಿಸ್ಕೊಂಡು ಓಡಿ ಹೋಗೋ ಅಂಥಾವ ಅಲ್ಲ ಅಂತ ಗೊತ್ತಾತು."

ಮದುವೆಗೆ ಬಳೆ ಇಡಲು ಆ ಬಳೆಗಾರ ಅಜ್ಜ ಬಂದಿದ್ದ. ನಾಚಿಕೆಗೆ ಓಣಿ ಬಿಟ್ಟುಹೋಗಿದ್ದವನನ್ನು ಹುಡುಕಿ ಕರೆತಂದವರು ಪತ್ರಿಕೆಯವರು. ಅಜ್ಜನ ಕಣ್ಣು ಪೂರ್ತಿ ಹೋಗಿತ್ತು, ಬೆರಳು ಮಾತ್ರ ಅಳತೆ ಮರೆತಿರಲಿಲ್ಲ.

ನನ್ನ ಹೆಂಡತಿ ಬಹಳ ದಿನ ಆಟ ನೋಡಲು ಬರಲಿಲ್ಲ. ಮೊದಲ ಕೂಸು ಹುಟ್ಟಿದ ಮೇಲೆ ಒಮ್ಮೆ ಗಂಗಾವತಿಯ ಕಡೆಯ ಮರಳಿ ಎಂಬ ಊರಿಗೆ ಬಂದಳು. ಕೊಯ್ದ ಭತ್ತದ ಗದ್ದೆಯಲ್ಲಿ ಆಟ. ಎರೆ ನೆಲಕ್ಕೆ ಹೊಂದಿದ ನಮ್ಮ ಕಾಲು ಆ ಮೆತ್ತನೆಯ ಮಣ್ಣಿನಲ್ಲಿ ಹೂತು ಹೋಯಿತು, ಚೆನ್ನಾಗಿಯೇ ಸೋತೆವು. ಗೆದ್ದವರು ನಮ್ಮನ್ನು ಹಾಗೇ ಕಳಿಸಲಿಲ್ಲ. ಕಾಲುವೆಯ ದಂಡೆಯ ಮೇಲೆ ಕೂರಿಸಿ ಮುತ್ತುಗದ ಎಲೆಯಲ್ಲಿ ಬಿಸಿ ಅನ್ನ ಬಡಿಸಿದರು. ನಮ್ಮ ಕಡೆ ಅನ್ನವೆಂದರೆ ಹಬ್ಬ. ರೊಟ್ಟಿಯವರೆಂದು ಚೇಷ್ಟೆ ಮಾಡುತ್ತ ಅವರು ಬಡಿಸಿದಷ್ಟೂ ನಾವು ತಿಂದೆವು. ಹೆಂಡತಿ ಕೂಸಿನ ಬಾಯಿಗೆ ಒಂದೊಂದೇ ಅಗುಳು ಇಡುತ್ತಿದ್ದಳು. ಅದು ಅಲ್ಲಿಯವರೆಗೆ ಅನ್ನದ ರುಚಿ ಕಂಡಿರಲಿಲ್ಲ, ಪ್ರತಿ ಅಗುಳಿಗೂ ಮತ್ತೆ ಬಾಯಿ ತೆರೆಯುತ್ತಿತ್ತು.