ನೆಲಮಾಳಿಗೆಯ ಎಣಿಕೆ ಅಕ್ಕ

ಬೆಳಗಿನ ಐದು ಗಂಟೆ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಉಪಕರಣಗಳ ಕ್ರಿಮಿ ಕೊಲ್ಲುವ ಹಬೆಯಂತ್ರ ಬುಸುಗುಡುತ್ತಿದೆ. ಅದರೆದುರು ಒಬ್ಬರೇ ನಿಂತ ಹೆಂಗಸು ಕತ್ತರಿ, ಚಿಮಟಗಳನ್ನು ಒಂದೊಂದಾಗಿ ಎಣಿಸುತ್ತಾ ಬೆಳಕಿಗೆ ಹಿಡಿಯುತ್ತಾರೆ. ಸಾಸಿವೆಯಷ್ಟು ಕಲೆ ಕಂಡರೂ ಮತ್ತೆ ತೊಳೆಯಲು ಎತ್ತಿಡುತ್ತಾರೆ. ಶಸ್ತ್ರಚಿಕಿತ್ಸೆಗೆ ಹೋಗುವ ನೂರೈವತ್ತು ಪೊಟ್ಟಣಗಳು ದಿನವೂ ಇವರ ಕೈ ದಾಟಿಯೇ ಹೋಗಬೇಕು. ಇಪ್ಪತ್ತಾರು ವರ್ಷದಿಂದ ಎಲ್ಲರ ಬಾಯಲ್ಲೂ ಇವರು ‘ಎಣಿಕೆ ಅಕ್ಕ’.

ಹೊಸಬರನ್ನು ತಯಾರು ಮಾಡುವ ಹೊಣೆಯೂ ಇವರದೇ. ಇದುವರೆಗೆ ನಲವತ್ತೊಂದು ಜನ. ಪಾಠ ಶುರುವಾಗುವುದು ಯಂತ್ರದಿಂದಲ್ಲ, ಅಕ್ಕನ ತಪ್ಪಿನಿಂದ.

“ಸೇರಿದ ವರ್ಷ ಪೊಟ್ಟಣಕ್ಕೆ ಒಂದು ಚಿಮಟ ಕಮ್ಮಿ ಹಾಕ್ಬಿಟ್ಟಿದ್ದೆ. ಯಾರು ಅಂತ ಕೇಳಿದಾಗ ತುಟಿ ಬಿಚ್ಚಲಿಲ್ಲ. ನನಗೆ ಕಲಿಸಿದೋರ ತಲೆಗೆ ಬಂತು. ಅವ್ರು ಕೆಲಸ ಬಿಟ್ಟು ಹೋದ್ರು. ಅದಕ್ಕೇ ಹೊಸಬರಿಗೆ ಮೊದಲು ಇದನ್ನೇ ಹೇಳೋದು.”

ಹೋದ ವರ್ಷ ಸೇರಿದವಳು ನಲವತ್ತು ದಾಟಿದ, ಮೊದಲು ಬಟ್ಟೆ ಹೊಲಿಯುತ್ತಿದ್ದ ಹೆಂಗಸು. ಒಂದು ಬೆಳಿಗ್ಗೆ ಬಿಳುಚಿಕೊಂಡು ಓಡಿಬಂದಳು. “ಅಕ್ಕಾ, ಯಂತ್ರ ಅರ್ಧಕ್ಕೇ ನಿಂತಿತ್ತು. ಅದನ್ನ ನೋಡದೇನೇ ಪೊಟ್ಟಣ ಮೇಲಕ್ಕೆ ಕಳಿಸ್ಬಿಟ್ಟೆ!”

ಅಕ್ಕ ಬೈಯಲಿಲ್ಲ. ಲಿಫ್ಟಿಗೂ ಕಾಯದೆ, ನೋಯುವ ಮಂಡಿಯಲ್ಲೇ ಮೂರು ಮಹಡಿ ಹತ್ತಿದರು. ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಆರು ವರ್ಷದ ಮಗು. ಪೊಟ್ಟಣ ಇನ್ನೂ ಬಿಚ್ಚಿರಲಿಲ್ಲ, ಅಕ್ಕ ಅದನ್ನು ವಾಪಸ್ ತಂದರು. ಆಮೇಲೆ ಮೇಲಧಿಕಾರಿ ಕೂಗಾಡಿದಾಗ ಅಕ್ಕ ಅಡ್ಡ ನಿಂತರು: “ಕಲಿಸಿದೋಳು ನಾನು. ಮೊದಲು ನನ್ನ ಕೇಳಿ ಸಾರ್.”

ಆ ಹೆಂಗಸು ಈಗ ಬೇರೆ ಆಸ್ಪತ್ರೆಯಲ್ಲಿದ್ದಾಳೆ. “ಅಕ್ಕ ತಮ್ಮ ತಪ್ಪು ಮೊದಲೇ ಹೇಳಿದ್ರಲ್ಲ, ಅದಕ್ಕೇ ನನಗೂ ಬಾಯಿ ಬಂತು” ಎನ್ನುತ್ತಾಳೆ. ಉಳಿದ ನಲವತ್ತು ಜನರೂ ಹೀಗೆಯೇ ರೆಕ್ಕೆ ಬಲಿತು ಹಾರಿದವರು. ಬುತ್ತಿ ಬಿಚ್ಚುವಾಗ ಅಕ್ಕನ ಎದುರಿನ ಕುರ್ಚಿ ಖಾಲಿ. ಗಂಡ ತೀರಿಕೊಂಡು ಒಂಬತ್ತು ವರ್ಷವಾಗಿದೆ. ಮನೆಗೆ ಹೋದರೆ ಬೀಗವೇ ಎದುರುಗೊಳ್ಳುತ್ತದೆ.

“ಹೋಗ್ಲಿ ಅಂತ್ಲೇ ಕಲಿಸೋದು. ಆದ್ರೂ ‘ಅಕ್ಕಾ, ಇದು ಸರಿನಾ’ ಅಂತ ಕೇಳೋರಿಲ್ದೆ ಕಿವಿ ಬಿಕೋ ಅನ್ನುತ್ತೆ” ಎಂದು ನಗುತ್ತಾರೆ.

ನಿವೃತ್ತಿಗೆ ಎಂಟು ತಿಂಗಳಿದೆ. ಕಲಿಯಲು ಒಬ್ಬರನ್ನು ಕೊಡಿ ಎಂದು ಎರಡು ಅರ್ಜಿ ಕೊಟ್ಟಿದ್ದಾರೆ, ಉತ್ತರವಿಲ್ಲ.

“ಇದು ಓದಿ ಬರೋ ವಿದ್ಯೆ ಅಲ್ಲ, ಪಕ್ಕದಲ್ಲಿ ನಿಂತೇ ಕಲೀಬೇಕು. ಯಾರಾದ್ರೂ ಸರಿ, ಕಳಿಸ್ಲಿ. ಅಕ್ಕ ಬೈಯಲ್ಲ ಅಂತ ನಿಮ್ಮ ಪೇಪರಲ್ಲೂ ಒಂದು ಮಾತು ಬರೀರಿ.”