ಸಬಿತಾಳ ಊಟದ ಡಬ್ಬಿ

ಮಾರನೆಯ ದಿನ ಆ ಹುಡುಗಿ ಊಟವನ್ನು ಯಾವುದರಲ್ಲಿ ಒಯ್ದಳು? ಕಣದಲ್ಲಿ ಕಾಫಿ ಹರವುವಾಗಲೂ, ಒಲೆ ಮುಂದೆ ನಿಂತಾಗಲೂ ರಶ್ಮಿತಾಳ ತಲೆಯಲ್ಲಿ ಇದೊಂದೇ. ಹುಡುಗಿ ನೇಪಾಳದವಳು, ಮಾತು ಎಂಟು ವರ್ಷ ಹಳೆಯದು. ಮೂರು ದಿನದಿಂದ ಅದು ಹಲ್ಲಿನ ಸಂದಿಯ ನಾರಿನ ಹಾಗೆ ಸಿಕ್ಕಿಕೊಂಡಿತ್ತು. ಅಳು ಬರುತ್ತಿರಲಿಲ್ಲ. ದುಃಖ ಅಂತಲೂ ಹೇಳುವಂತಿರಲಿಲ್ಲ. ಕೈಕಾಲು ತಮ್ಮ ಪಾಡಿಗೆ ಕೆಲಸ ಮಾಡುತ್ತಿದ್ದವು, ಅವಳು ಪಕ್ಕದಲ್ಲಿ ನಿಂತು ನೋಡುತ್ತಿದ್ದಳು.

ಶುರುವಾದದ್ದು ಮಗಳಿಂದ. ಬಿಂದುಶ್ರೀ ಒಂದನೇ ಕ್ಲಾಸು, ಮಗ್ಗೆಯಿಂದ ಆಲೂರಿಗೆ ಸ್ಕೂಲ್ ವ್ಯಾನಿನಲ್ಲಿ ಹೋಗುತ್ತಾಳೆ. ಸೋಮವಾರ ಊಟದ ಡಬ್ಬಿಯಿಲ್ಲದೆ ಬಂದಳು. ಡಿ.ಎಡ್. ಓದುತ್ತಿದ್ದ ಮಿಸ್ ಒಬ್ಬರು ಒಂದು ತಿಂಗಳು ಪಾಠ ಮಾಡಲು ಬಂದಿದ್ದರು. ಅವತ್ತು ಅವರ ಕೊನೆಯ ದಿನ. ಬಿಂದು ಅಕ್ಕಿರೊಟ್ಟಿಯ ಸಮೇತ ಡಬ್ಬಿಯನ್ನೇ ಅವರ ಕೈಗಿಟ್ಟುಬಿಟ್ಟಿದ್ದಳು.

"ಯಾಕೆ ಕೊಟ್ಟೆ ಪುಟ್ಟಿ?"

"ಮಿಸ್ ಹೋಗ್ತಿದ್ರು. ನನ್ ಹತ್ರ ಬೇರೆ ಏನೂ ಇರ್ಲಿಲ್ಲ."

"ಮತ್ತೆ ನೀನೇನು ತಿಂದೆ?"

"ನೀರು ಕುಡಿದೆ."

ಮಂಗಳವಾರ ಬೇರೆ ಡಬ್ಬಿ ಕಟ್ಟಿ ಕಳಿಸಿದರೆ ಮುಚ್ಚಳ ತೆಗೆಯದೆ ವಾಪಸ್ ಬಂತು. ಬುಧವಾರವೂ ಹಾಗೇ. "ಅದು ನಂದಲ್ಲ. ನಂದು ಮಿಸ್ ತಂದ್ಕೊಡ್ತಾರೆ."

ಗಂಡ ನಟರಾಜ್ ನಕ್ಕುಬಿಟ್ಟ. ರಶ್ಮಿತಾ ಬೀರು ತೆಗೆದು ಸೂಜಿ, ಗುಂಡಿ ಹಾಕಿಟ್ಟಿದ್ದ ಹಳೆಯ ಸ್ಟೀಲ್ ಡಬ್ಬಿಯನ್ನು ನೋಡಿದಳು. ನೋಡಿ ಬೀರು ಮುಚ್ಚಿದಳು.

ಅದು ಸಬಿತಾಳದು. ಮೈಸೂರಿನಲ್ಲಿ ಕಾಲೇಜು ಓದುವಾಗ ರಶ್ಮಿತಾ ಹನ್ನೊಂದು ಜನರ ಜೊತೆ ಮೂರು ವಾರ ನೇಪಾಳದ ಒಂದು ಗುಡ್ಡದ ಶಾಲೆಗೆ ಸೇವೆಗೆ ಹೋಗಿದ್ದಳು. ಇಂಗ್ಲಿಷ್ ಪದ್ಯ ಹೇಳಿಕೊಟ್ಟರು, ಗೋಡೆಗೆ ಕಾಮನಬಿಲ್ಲು ಬಳಿದರು. ಎರಡನೇ ಕ್ಲಾಸಿನ ಸಬಿತಾ ಮೂರು ವಾರವೂ ಅವಳ ದುಪಟ್ಟಾದ ತುದಿ ಬಿಟ್ಟವಳಲ್ಲ. ಹೊರಡುವ ದಿನ ಓಡಿ ಬಂದು ಡಬ್ಬಿ ಕೊಟ್ಟಳು. ಒಳಗೆ ಅಕ್ಕಿಹಿಟ್ಟಿನ ಸಿಹಿರೊಟ್ಟಿ, ಬಳೆಯ ಹಾಗೆ ದುಂಡಗೆ. ತಿಂದು ಮುಗಿಸಿದ ಮೇಲೆ ಬಸ್ಸಿನಲ್ಲಿ ಕಂಡಿತು, ಮುಚ್ಚಳದ ಮೇಲೆ ಮೊಳೆಯಲ್ಲಿ ಗೀಚಿದ ಹುಡುಗಿಯ ಹೆಸರು.

ಕೊಟ್ಟವರ ಪಾತ್ರೆಯನ್ನು ಖಾಲಿ ಕಳಿಸಬಾರದು, ಏನಾದರೂ ತುಂಬಿಸಿಯೇ ಕಳಿಸಬೇಕು ಅಂತ ಅವಳು ಮನೆಯಲ್ಲಿ ನೋಡಿ ಬೆಳೆದದ್ದು. ಮೈಸೂರಿಗೆ ಹೋಗಿ ಒಳ್ಳೆಯದೇನಾದರೂ ಹಾಕಿ ಕಳಿಸೋಣ ಅಂದುಕೊಂಡಳು. ಹಾಸ್ಟೆಲಿನಲ್ಲಿ ಅದರೊಳಗೆ ತಲೆಯ ಕ್ಲಿಪ್ಪುಗಳು ಸೇರಿಕೊಂಡವು. ಕಾಲೇಜಿನ ಸಭೆಯಲ್ಲಿ, ಏನು ಕಲಿತಿರಿ ಅಂತ ಕೇಳಿದಾಗ, "ಇದ್ದದ್ದರಲ್ಲೇ ಖುಷಿಯಾಗಿರೋದನ್ನ ಆ ಮಕ್ಕಳಿಂದ ಕಲಿತೆ" ಅಂದಳು. ಚಪ್ಪಾಳೆ ಬಿತ್ತು, ಸರ್ಟಿಫಿಕೇಟ್ ಬಂತು. ಮದುವೆಯಾದ ಮೇಲೆ ನಮ್ಮದೇ ತೋಟದ ಕಾಫಿಪುಡಿ ತುಂಬಿಸಿ ಕಳಿಸೋಣ ಅಂದುಕೊಂಡಳು. ಬಸಿರು, ಬಾಣಂತನ, ಮಗುವಿನ ಜ್ವರ. ಅಲ್ಲಿಯ ಹೆಡ್‌ಮಾಸ್ಟರು ಪ್ರತಿ ದಸರೆಗೆ ವಾಟ್ಸಾಪಿನಲ್ಲಿ ಶುಭಾಶಯ ಕಳಿಸುತ್ತಿದ್ದರು. ಇವಳು ಪ್ರತಿ ದಸರೆಗೂ ಕೈಮುಗಿಯುವ ಚಿತ್ರ ಒತ್ತುತ್ತಿದ್ದಳು.

ಗುರುವಾರ ಬೆಳಿಗ್ಗೆ ಮಗಳ ವ್ಯಾನು ಹೋದ ಮೇಲೆ ಅತ್ತೆ ಚೆಲುವಮ್ಮ ಪಕ್ಕದ ಮನೆ ಗಂಗಾಮಣಿಯ ಪಾತ್ರೆ ತೊಳೆದು ಅದಕ್ಕೆ ನಾಲ್ಕು ಅಚ್ಚು ಬೆಲ್ಲ ಹಾಕುತ್ತಿದ್ದರು.

"ಅತ್ತೆ, ಖಾಲಿ ಕೊಟ್ರೆ ಏನಾಗುತ್ತೆ?"

"ಏನಾಯ್ತದೆ, ಗಂಗಾಮಣಿ ಊರೆಲ್ಲ ಹೇಳ್ಕಂಡ್ ಬತ್ತಾಳೆ. ಯಾಕೆ, ಯಾರದೈತೆ ನಿನ್ ತಾವ?"

"ದೂರದವರದು. ಎಂಟು ವರ್ಷ ಆಯ್ತು."

"ಎಂಟ್ ವರ್ಷವಾ! ಇನ್ ಅದ್ರೊಳಗೆ ಏನ್ ತುಂಬ್ತೀಯೇ ಮಾರಾಯ್ತಿ, ತೋಟನೇ ತುಂಬ್ಬೇಕು." ನಗುತ್ತಿದ್ದವರು ಸೊಸೆಯ ಮುಖ ನೋಡಿ ಬೆಲ್ಲದ ಕೈ ನಿಲ್ಲಿಸಿದರು. "ನಮ್ಮನೇಲೈತೆ ಅಂತನಾದ್ರೂ ಹೇಳಿದ್ದೀಯಾ?"

"ಇಲ್ಲ."

"ಅಷ್ಟಾದ್ರೂ ಹೇಳ್ಬುಡು ಕಣೇ. ಪಾತ್ರೆ ಕಳ್ಕಂಡೋರು ಮನೇಲಿ ಬೈಸ್ಕಂಡಿರ್ತಾರೆ."

ಬೈಸಿಕೊಂಡಿರುತ್ತಾರೆ. ಇದೊಂದು ಅವಳಿಗೆ ಹೊಳೆದೇ ಇರಲಿಲ್ಲ. ಎಂಟು ವರ್ಷವೂ ಏನು ತುಂಬಿಸಲಿ ಅಂತ ಯೋಚಿಸಿದ್ದಳು. ಆ ಹುಡುಗಿ ಅವತ್ತು ಮನೆಗೆ ಹೋಗಿ ಏನು ಹೇಳಿದಳು ಅಂತ ಯೋಚಿಸಿರಲಿಲ್ಲ.

ಒಳಗೆ ಹೋಗಿ ಸೂಜಿ, ಗುಂಡಿಗಳನ್ನು ಹಾಸಿಗೆಯ ಮೇಲೆ ಸುರಿದಳು. ಖಾಲಿ ಡಬ್ಬಿಯನ್ನು ಒರೆಸಿ ತೊಡೆಯ ಮೇಲಿಟ್ಟುಕೊಂಡಳು. ಮನೆಯೊಳಗೆ ಸಿಗ್ನಲ್ ಇಲ್ಲ ಅಂತ ನೆನಪಾಗಿ ಕಣದ ಕಟ್ಟೆಗೆ ಬಂದು ಕೂತಳು. ಹತ್ತೂವರೆ, ಅಲ್ಲೂ ಶಾಲೆಯ ಹೊತ್ತೇ. ಫೋನಿನಲ್ಲಿ ಹೆಸರು ಒತ್ತಿದಳು.

ಐದಾರು ರಿಂಗಾದ ಮೇಲೆ ಹೆಡ್‌ಮಾಸ್ಟರ ದನಿ. ಮರೆತ ಹಿಂದಿಯಲ್ಲಿ ತಡವರಿಸಿ ತಾನು ಯಾರೆಂದು ಹೇಳಿದಳು. ಅವರಿಗೆ ಖುಷಿಯಾಯಿತು. ಗೋಡೆಯ ಕಾಮನಬಿಲ್ಲು ಇನ್ನೂ ಇದೆ ಅಂದರು.

"ಸರ್, ಆಗ ಎರಡನೇ ಕ್ಲಾಸಿನಲ್ಲಿ ಸಬಿತಾ ಅಂತ ಒಬ್ಬಳಿದ್ದಳು. ಅವಳ ಊಟದ ಡಬ್ಬಿ ನನ್ನ ಹತ್ತಿರ ಇದೆ. ಅವಳು ಕಳೆದದ್ದಲ್ಲ."

ಆ ಕಡೆ ಮಕ್ಕಳ ಗಲಾಟೆ ಕೇಳುತ್ತಿತ್ತು.

"ಈಗ ಹತ್ತನೇ ಕ್ಲಾಸು," ಅಂದರು. "ಇಲ್ಲೇ ಪಕ್ಕದ ಕೋಣೆ. ಕರೀಲಾ?"

"ಕರೀರಿ ಸರ್," ಅಂದು ರಶ್ಮಿತಾ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡಳು.