ಹಳ್ಳದ ದಂಡೆಗೆ ಅವ್ವನ ಗದ್ದುಗೆ

ನನ್ನ ತವರಿನ ಹಳ್ಳಕ್ಕೆ ಹೆಸರೇ ಇಲ್ಲ. ಸಂಪಗಾಂವ ದಾಟಿ ನಮ್ಮೂರಿಗೆ ಬಂದವರು ಯಾರಾದರೂ ಕೇಳಿದರೆ "ಹಳ್ಳ ರೀ, ಮತ್ತೇನು?" ಎನ್ನುತ್ತಾರೆ. ಅದು ಹೋಗಿ ಮಲಪ್ರಭೆಗೆ ಬೀಳುತ್ತದೆ, ಮಲಪ್ರಭೆ ಸವದತ್ತಿಯ ಡ್ಯಾಮಿಗೆ, ಅಲ್ಲಿಂದ ಮುಂದೆ ರಾಮದುರ್ಗಕ್ಕೆ. ಹೊಳೆಗಾದರೆ ಪೂಜೆ, ಬಾಗಿನ, ಪೇಪರಿನಲ್ಲಿ ಫೋಟೋ. ಆ ಹೊಳೆಗೆ ನೀರು ಕೊಡುವ ಹಳ್ಳಕ್ಕೆ ನಮ್ಮವರು ಕೊಟ್ಟದ್ದು ಜೆಸಿಬಿ.

ಸಿಟ್ಟು ಬರದೆ ಏನು? ನಾನು ಕಂಡ ಹಳ್ಳವೇ ಬೇರೆ. ಎರಡೂ ದಂಡೆಗೆ ಲಕ್ಕಿಯ ಪೊದೆ, ನೀರಿನಂಚಿಗೆ ಆಪು ಹುಲ್ಲು, ಬಾಗಿದ ಜಾಲಿಯ ಟೊಂಗೆಗೆ ಗೀಜಗನ ಗೂಡು. ಬೇಸಿಗೆಯಲ್ಲಿ ಹರಿವು ನಿಂತರೂ ಉಸುಕನ್ನು ಮೊಣಕೈ ಆಳ ಕೆದರಿದರೆ ತಿಳಿನೀರು ಜಿನುಗುತ್ತಿತ್ತು. ಆ ವರತೆಯ ನೀರಿನಲ್ಲಿ ಬೇಳೆ ಬೇಗ ಬೇಯುತ್ತದೆಂದು ಅವ್ವ ಮನೆಯ ಬಾವಿ ಬಿಟ್ಟು ಅಲ್ಲಿಗೇ ಕೊಡ ಹೊತ್ತು ಹೋಗುತ್ತಿದ್ದಳು. ಮಹಾನವಮಿಗೆ ಮುಂಚೆ ಊರಿನ ಹೆಂಗಸರೆಲ್ಲ ಮನೆಯ ಅಷ್ಟೂ ಕೌದಿಗಳನ್ನು ಚಕ್ಕಡಿಗೆ ಹೇರಿಕೊಂಡು ಒಗೆಯಲು ಬರುತ್ತಿದ್ದರು. ಒದ್ದೆ ಕೌದಿಯನ್ನು ಇಬ್ಬರು ಹಿಡಿದು ಹಿಂಡಬೇಕು. ಹಿಂಡುವವರ ನಡುವೆ ಊರಿನ ಸುದ್ದಿಯೂ ಹಿಂಡಿ ಹೋಗುತ್ತಿತ್ತು. ಆಮೇಲೆ ಲಕ್ಕಿಯ ಪೊದೆಗಳ ಮೇಲೆ ಹರವಿದರೆ ಸಂಜೆಗೆ ಒಣಗಿ ಲಕ್ಕಿಯ ಘಾಟು ಹಿಡಿಯುತ್ತಿದ್ದವು. ಆ ಘಾಟಿಗೆ ತಿಗಣೆ ಹತ್ತಿರ ಬರುವುದಿಲ್ಲ ಎಂದು ಅವ್ವ ಹೇಳುತ್ತಿದ್ದಳು.

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ಸ್ವಂತ ಹೊಲದಲ್ಲಿ ಕೂರಿಸಿ, ವಿಭೂತಿ ಪತ್ರಿ ಹಾಕಿ ಮಣ್ಣು ಕೊಟ್ಟು, ಮೇಲೊಂದು ಗದ್ದುಗೆ ಕಟ್ಟುತ್ತೇವೆ. "ನನ್ನನ್ನ ಹಳ್ಳದ ದಂಡಿಗೆ ಕುಂದರಸ್ರಿ. ಮನಿ ಸಮೀಪ ಬ್ಯಾಡ, ನಿಮ್ಮ ಜಗಳ ಕೇಳಿ ಸಾಕಾಗೈತಿ" ಎಂದು ಅವ್ವ ಮೊದಲೇ ಹೇಳಿಟ್ಟಿದ್ದಳು. ಹಾಗೇ ಮಾಡಿದೆವು. ಗದ್ದುಗೆಯ ಮುಂದೆ ಒಂದು ಚಕ್ಕಡಿ ತಿರುಗುವಷ್ಟು ಜಾಗ, ಆಮೇಲೆ ಲಕ್ಕಿಯ ಸಾಲು, ಆಮೇಲೆ ನೀರು. ನಾನು ಮದುವೆಯಾಗಿ ಯರಗಟ್ಟಿಯವಳಾದೆ, ಹೊಲ ತಮ್ಮನದಾಯಿತು. ನಾನು ಪಾಲು ಕೇಳಲಿಲ್ಲ. ತವರಿನಲ್ಲಿ ನನ್ನದು ಎನ್ನುವುದು ಆ ಗದ್ದುಗೆಯೊಂದೇ ಆಗಿತ್ತು.

ಅಷ್ಟರಲ್ಲಿ ತಮ್ಮನ ತಲೆಯಲ್ಲಿ ಕಬ್ಬು ಹೊಕ್ಕಿತು. ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಕಳಿಸುವ ಅಕ್ಕಪಕ್ಕದವರೆಲ್ಲ ಹಳ್ಳ ಒತ್ತಿ ಎರಡು ಸಾಲು ಹೆಚ್ಚಿಗೆ ಹಾಕಿದರೆಂದು ಇವನೂ ಜೆಸಿಬಿ ತರಿಸಿ ಲಕ್ಕಿ, ಆಪು ಎಲ್ಲವನ್ನೂ ಬೇರು ಸಮೇತ ಕೀಳಿಸಿದ. ಮೇಲಿನ ಹೊಲದವರು ಇನ್ನೂ ಶಾಣ್ಯಾರು. ಹಳ್ಳದ ಸೊಟ್ಟು ತೆಗೆದು ನೆಟ್ಟಗೇ ಮಾಡಿಬಿಟ್ಟರು. ತಿರುವಿನಲ್ಲಿ ತಿರುವಿನಲ್ಲಿ ದಣಿದು ಬರುತ್ತಿದ್ದ ನೀರು ಈಗ ನೇರ ಓಡಿ ಬಂದು ನಮ್ಮ ಬೋಳು ದಂಡೆಗೇ ಗುದ್ದತೊಡಗಿತು. ಮೊದಲ ಮಳೆಗಾಲಕ್ಕೇ ಗದ್ದುಗೆಯ ಮುಂದಿನ ಜಾಗ ಅರ್ಧವಾಯಿತು.

ಬಸ್ಸು ಹಿಡಿದು ಹೋದೆ. "ದಂಡಿ ಕುಸದು ಹೊಂಟೈತೋ, ಲಕ್ಕಿ ಹಚ್ಚೋ. ಕಡ್ಡಿ ಮುರದು ಊರಿದ್ರ ಸಾಕು, ಚಿಗರತೈತಿ" ಎಂದೆ.

"ಅಲ್ಲಕ್ಕಾ, ಅವ್ವ ಲಿಂಗೈಕ್ಯ ಆಗ್ಯಾಳ. ಅಲ್ಲೇನೈತಿ? ಬರೇ ಮಣ್ಣ."

ಬಂದ ನೋಡಿ ದೊಡ್ಡ ಜ್ಞಾನಿ! ಬರೇ ಮಣ್ಣಾದರೆ ಪ್ರತಿ ಅಮಾವಾಸ್ಯೆಗೆ ಹೋಳಿಗೆಯ ಎಡೆ ಹಿಡಿದು ಬರಿಗಾಲಲ್ಲಿ ಅಲ್ಲಿಗೆ ಹೋಗುವವನು ಯಾರು? ಅದನ್ನೇ ಕೇಳಿದೆ. "ಅದು ಪದ್ಧತಿ" ಎಂದ. ಊರ ಹಿರಿಯರ ಹತ್ತಿರ ಹೋದರೆ "ಕುಂತವರನ್ನ ಎಬ್ಬಸಬಾರದವಾ" ಎಂದು ತಲೆ ಅಲ್ಲಾಡಿಸಿದರು. ಎಬ್ಬಿಸಿರಿ ಎಂದು ನಾನೆಲ್ಲಿ ಹೇಳಿದೆ? ನಾಲ್ಕು ಗಿಡ ನೆಡಲು ಹೇಳಿ ಎಂದೆ. ತಮ್ಮನದು ಮತ್ತೊಂದು ರಾಗ: ಸರಕಾರದಿಂದ ಕಾಂಕ್ರೀಟ್ ಗೋಡೆ ಮಂಜೂರಾಗುತ್ತದಂತೆ, ಅಲ್ಲಿತನಕ ತಡೆಯಬೇಕಂತೆ. ಹಳ್ಳ ತಡೆಯಬೇಕಲ್ಲ!

ಕೊನೆಗೆ ನಾನೇ ಸೆರಗು ಸಿಗಿಸಿ ಲಕ್ಕಿಯ ಕಡ್ಡಿ ಊರಿ ಬಂದೆ. ಚಿಗುರಿದವು ಕೂಡ. ಮುಂದಿನ ಸಲ ಹೋದಾಗ ಒಂದೂ ಇರಲಿಲ್ಲ.

"ಟ್ರ್ಯಾಕ್ಟರ್ ತಿರುವಾಕ ಜಾಗ ಇರಲಿಲ್ಲಕ್ಕಾ" ಎಂದ ತಮ್ಮ, ನೆಲ ನೋಡುತ್ತ.

ಆವತ್ತು ಅವನ ಮನೆಯಲ್ಲಿ ನೀರೂ ಕುಡಿಯದೆ ಬಂದೆ. ಒಡಹುಟ್ಟಿದವನಿಗೆ ಅವ್ವನಿಗಿಂತ ಎರಡು ಸಾಲು ಕಬ್ಬು ಹೆಚ್ಚಾಯಿತಲ್ಲ ಎಂದು ಬಸ್ಸಿನುದ್ದಕ್ಕೂ ಗೊಣಗಿಕೊಂಡೇ ಬಂದೆ.

ಈ ವರ್ಷದ ದೊಡ್ಡ ಮಳೆಯ ಮರುದಿನ ಅವನ ಹೆಂಡತಿ ಫೋನು ಮಾಡಿದಳು. "ಅಕ್ಕಾರ, ಲಗೂನ ಬರ್ರಿ. ಇವರು ಮುಂಜಾನಿಂದ ಹಳ್ಳದ ದಂಡಿ ಮ್ಯಾಲೇ ಕುಂತಾರ, ಎಷ್ಟ ಕರದ್ರೂ ಮನಿಗೆ ಬರವೊಲ್ಲರು" ಎಂದಳು. ಬಸ್ಸಿನಲ್ಲಿ ಕುಳಿತು ಬಾಯಿಗೆ ಬಂದ ಬೈಗುಳವನ್ನೆಲ್ಲ ಸಾಲಾಗಿ ಜೋಡಿಸಿಕೊಂಡೆ. ಈ ಸಲ ಬಿಡುವುದಿಲ್ಲ ಎಂದುಕೊಂಡೆ.

ಹೋಗಿ ನೋಡಿದರೆ ಬೈಯಲು ಏನೂ ಉಳಿದಿರಲಿಲ್ಲ. ಕಬ್ಬಿನ ಎರಡು ಸಾಲೂ ಇಲ್ಲ, ಗದ್ದುಗೆಯೂ ಇಲ್ಲ, ಅದು ನಿಂತ ನೆಲವೇ ಇಲ್ಲ. ಅಲ್ಲಿ ಕೆಂಪು ನೀರು ಹರಿಯುತ್ತಿತ್ತು. ಮುರಿದ ದಂಡೆಯ ಮೇಲೆ ತಮ್ಮ ಕೆಸರಿನಲ್ಲೇ ಕುಳಿತಿದ್ದ. ಮೊಣಕಾಲಿನವರೆಗೆ ಮಣ್ಣು, ಕೈಗಳೂ ಮಣ್ಣು. ರಾತ್ರಿ ಮಳೆಯಲ್ಲಿ ಒಬ್ಬನೇ ಚೀಲಕ್ಕೆ ಉಸುಕು ತುಂಬಿ ಒಡ್ಡಿದ್ದನಂತೆ. ಹೋಗಿ ಅವನ ಪಕ್ಕ ಕುಳಿತೆ.

"ಸುಮ್ಮನ ಯಾಕ ಕುಂತಿ?" ಎಂದ ಅವನು. ದನಿ ಒಡೆದಿತ್ತು. "ಬೈಯಕ್ಕಾ. ಇನ್ನ ನೀನೂ ಬೈಲಿಲ್ಲಂದ್ರ ನನಗ ಬೈಯಾಕ ಯಾರದಾರ?"

ಬೈದೆ. ಅಳುತ್ತಲೇ, ಹೊಟ್ಟೆ ತುಂಬ ಬೈದೆ. ನಾನು ಉಸಿರು ತೆಗೆದುಕೊಳ್ಳಲು ನಿಂತಾಗಲೆಲ್ಲ ಅವನು ತಲೆ ತಗ್ಗಿಸಿಕೊಂಡೇ "ಹೂಂ, ಮತ್ತ?" ಎನ್ನುತ್ತಿದ್ದ.